ತಿರುಗುವ ಕೀಲಿಗೆ (ಪಿವಟ್) ಶೋಲ್ಡರ್ ಬೋಲ್ಟಾ, ತುದಿಗೆ ಥ್ರೆಡ್ ಇರುವ ಪಿನ್ನಾ?

ಪೂರ್ತಿ ಥ್ರೆಡ್ ಇರುವ ಮಾಮೂಲಿ ಬೋಲ್ಟ್ ಬೇಡವೇ ಬೇಡ. ಅದರ ಹಲ್ಲು ತೂತನ್ನು ಅರದಂತೆ ಸವೆಸುತ್ತದೆ.

ಶೋಲ್ಡರ್ ಬೋಲ್ಟ್‌ನಲ್ಲಿ ಲಿಂಕ್ (ತಿರುಗುವ ಪಟ್ಟಿ) ತಿರುಗುವುದು ತಲೆಯ ಕೆಳಗಿನ, ಥ್ರೆಡ್ ಇಲ್ಲದ ನುಣುಪಾದ ಭಾಗದ ಮೇಲೆ; ಅದೇ ಶೋಲ್ಡರ್. ಆ ಭಾಗ ಲಿಂಕ್‌ನ ದಪ್ಪಕ್ಕಿಂತ ಕೂದಲೆಳೆಯಷ್ಟು ಉದ್ದ ಇರಲಿ. ಆಗ ಎಷ್ಟೇ ಬಿಗಿ ಮಾಡಿದರೂ ಲಿಂಕ್ ಸಲೀಸಾಗಿ ಆಡುತ್ತದೆ. ಆದರೆ ಥ್ರೆಡ್ ಸಣ್ಣದು: 8 ಮಿ.ಮೀ. ಶೋಲ್ಡರ್‌ಗೆ ಸಾಮಾನ್ಯವಾಗಿ ಎಂ6 (6 ಮಿ.ಮೀ. ಥ್ರೆಡ್). ಒಂದೇ ಕಡೆ ಆಸರೆ ಇದ್ದು ಭಾರ ಜಾಸ್ತಿಯಾದರೆ ಮುರಿಯುವುದು ಶೋಲ್ಡರ್ ಮುಗಿದು ಥ್ರೆಡ್ ಶುರುವಾಗುವ ಕುತ್ತಿಗೆಯಲ್ಲೇ. ತಿರುಗಿ ತಿರುಗಿ ಸಡಿಲವೂ ಆಗಬಹುದು, ಥ್ರೆಡ್‌ಲಾಕರ್ (ಥ್ರೆಡ್ ಹಿಡಿದಿಡುವ ಅಂಟು) ಹಾಕಿ.

ಲಿಂಕ್‌ನ ಎರಡೂ ಬದಿ ಆಸರೆ ಇದೆಯಾ? ಹಾಗಾದರೆ ತುದಿಗೆ ಥ್ರೆಡ್ ಇರುವ ಪಿನ್ನೇ ಸರಿ. ಭಾರ ಎರಡು ಕಡೆ ಹಂಚಿಹೋಗುತ್ತದೆ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸಡಿಲವಾಗದ ನಟ್) ಸಾಕು. ಬಿಸಿ ಜಾಗವಾದರೆ ನೈಲಾನ್ ತಡೆಯದು; ಕ್ಯಾಸಲ್ ನಟ್ (ಮೇಲೆ ಸೀಳು ಇರುವ ನಟ್), ಆ ಸೀಳಿನಲ್ಲಿ ತೂರಿಸಿ ಮಡಚುವ ಸ್ಪ್ಲಿಟ್ ಪಿನ್.