ಡಾಕೋಸಾರಸ್ಸೋ, ಮೆಟ್ರಿಯೋರಿಂಕಸ್ಸೋ?

ಡೈನೋಸಾರ್ ಕಾಲದ ಪ್ರಾಣಿಗಳನ್ನು ಕೂಡಿಹಾಕುವ ಒಂದು ಮೊಬೈಲ್ ಗೇಮ್ ಆಡುತ್ತೇನೆ. ಅದರ ಸಮುದ್ರ ವಿಭಾಗದಲ್ಲಿ ಮೊಸಳೆಯ ದೂರದ ನೆಂಟರು ಇಬ್ಬರಿದ್ದಾರೆ. ಇಬ್ಬರನ್ನೂ ಲೆವೆಲ್ 20ರ ತನಕ ಸಾಕಿದ್ದೇನೆ.

ಡಾಕೋಸಾರಸ್ ಲೆಜೆಂಡರಿ, ಅಂದ್ರೆ ಗೇಮಿನಲ್ಲಿ ಅಪರೂಪದ ದರ್ಜೆಯದು. ಮೊದಲ ನೋಟಕ್ಕೇ ಕಾಯಿನ್ ಖಾಲಿ ಮಾಡಿಸುವ ಮುಖ! ಮೊಸಳೆ ಅಂದ್ರೆ ಉದ್ದ ಮೂತಿ ಅಲ್ವಾ? ಇದಕ್ಕೆ ಮೋಟು ಮೂತಿ, ಎತ್ತರದ ತಲೆ, ಗರಗಸದಂಥ ಅಂಚಿನ ದಪ್ಪ ಹಲ್ಲು. ಗೇಮಿನವರು ಸುಮ್ನೆ ಕಟ್ಟಿದ ಕತೆಯಲ್ಲ ಇದು. ಅರ್ಜೆಂಟೀನಾದಲ್ಲಿ ಸಿಕ್ಕ ಬುರುಡೆ ಹೀಗೇ ಇತ್ತು. 2005ರಲ್ಲಿ ಅದರ ವಿವರ ಹೊರಬಂದಾಗ 'ಗಾಡ್ಜಿಲ್ಲಾ' ಅನ್ನೋ ಅಡ್ಡಹೆಸರೂ ಬಿತ್ತು. ಗೇಮಿನಲ್ಲಿ ಒಮ್ಮೆ ಕಚ್ಚಿದರೆ ಎದುರಾಳಿಯ ಅರ್ಧ ಹೆಲ್ತ್ ಹೋಯಿತು. ಆದರೆ ಒಂದು ಫೈಟ್ ಆಯಿತೋ, ಆರು ಗಂಟೆ ನಿದ್ದೆ. ಎಬ್ಬಿಸಬೇಕಾದರೆ ಜೆಮ್ಸ್ ಸುರಿಯಬೇಕು.

ಮೆಟ್ರಿಯೋರಿಂಕಸ್ ಕಾಮನ್ ಕಾರ್ಡು. ಸಪೂರ ಮೂತಿ, ಸುಮಾರು 3 ಮೀಟರ್ ಉದ್ದ, ಅಟ್ಯಾಕ್ ಅಷ್ಟಕ್ಕಷ್ಟೇ. ಸ್ಪೀಡ್ ಜಾಸ್ತಿ, ಹಾಗಾಗಿ ಮೊದಲ ಏಟು ಇದರದೇ. ಅರ್ಧ ಗಂಟೆಗೆ ಮತ್ತೆ ರೆಡಿ.

ನಾನು ನಿಜಕ್ಕೂ ಸೋತದ್ದು ಮಾತ್ರ ಇದರ ಬಾಲಕ್ಕೆ. ಒಂದು ರಾತ್ರಿ ಝೂಮ್ ಮಾಡಿ ನೋಡುತ್ತಿದ್ದೆ. ನುಣ್ಣನೆಯ ಬೆನ್ನು, ದೋಣಿಯ ಹುಟ್ಟಿನಂಥ ಮುಂಗಾಲು, ಮೀನಿಗಿರುವಂಥ ಕವಲು ಬಾಲ. ಅಸ್ಥಿಪಂಜರದ ಬಟನ್ ಒತ್ತಿದರೆ ಬಾಲದ ಮೂಳೆಸಾಲು ತುದಿಯಲ್ಲಿ ಕೆಳಕ್ಕೆ ಬಾಗಿ, ಕೆಳಗಿನ ಕವಲಿನೊಳಗೆ ಹೋಗಿದೆ. ಪಳೆಯುಳಿಕೆಗಳಲ್ಲಿ ಇರುವುದೂ ಹೀಗೇ. ಯಾರೋ ಕೂತು ಓದಿ ಬಿಡಿಸಿದ್ದಾರೆ.

ಅದೇ ಉಮೇದಿನಲ್ಲಿ ಡಾಕೋಸಾರಸ್ ಕಡೆ ತಿರುಗಿದೆ. ಅಯ್ಯೋ! ಬೆನ್ನ ತುಂಬ ಮೂಳೆಯ ಬಿಲ್ಲೆಗಳು, ನೆಟ್ಟಗಿನ ಬಾಲ, ಉಗುರಿನ ನಾಲ್ಕು ಕಾಲು. ಎರಡೂ ಒಂದೇ ಕುಟುಂಬದವು. ಕಡಲನ್ನೇ ಮನೆ ಮಾಡಿಕೊಂಡ ಈ ಕುಟುಂಬ ಆ ಕವಚವನ್ನು ಯಾವತ್ತೋ ಕಳಚಿಹಾಕಿತ್ತು. ಇಲ್ಲಿ ನೋಡಿದರೆ ಹೊಳೆ ಮೊಸಳೆಯ ಮೈಗೆ ಗಾಡ್ಜಿಲ್ಲಾ ತಲೆ ಅಂಟಿಸಿದ್ದಾರೆ. ಲೆಜೆಂಡರಿಗೇ ಈ ಗತಿ!

ಹಾಗಾಗಿ ದಿನದ ಮಿಷನ್ನಿಗೂ, ಟ್ಯಾಂಕಿನ ಮುಂದಿನ ಜಾಗಕ್ಕೂ ಮೆಟ್ರಿಯೋರಿಂಕಸ್ಸೇ. ಬಾಸ್ ಫೈಟ್ ಬಂದಾಗ ಮಾತ್ರ ಡಾಕೋಸಾರಸ್ ಎಬ್ಬಿಸುತ್ತೇನೆ. ಜೆಮ್ಸ್ ಮಿಕ್ಕಿದ್ದರೆ ನೀವೂ ತಗೊಳ್ಳಿ, ಕತ್ತಿನಿಂದ ಹಿಂದಕ್ಕೆ ನೋಡಬೇಡಿ ಅಷ್ಟೆ.