ಸೀಲ್ ಪ್ಯಾಕ್ ಎಂದು ಸವೆದ ಸೂಜಿ ಕೊಟ್ಟ: ಕಾರ್ಟ್ರಿಜ್ ಕೊಳ್ಳುವವರೇ ಎಚ್ಚರ

ಮನೆಯ ಟರ್ನ್‌ಟೇಬಲ್‌ಗೆ (ರೆಕಾರ್ಡ್ ನುಡಿಸುವ ಯಂತ್ರಕ್ಕೆ) ಕಡಿಮೆ ಬೆಲೆಯ ಕಾರ್ಟ್ರಿಜ್, ಅಂದರೆ ಸೂಜಿ ಕೂರುವ ಪುಟ್ಟ ಬಿಡಿಭಾಗ, ಹುಡುಕುತ್ತಿರುವ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಕಡೆಯವರು ದಯವಿಟ್ಟು ಹಣ ಕಳಿಸುವ ಮೊದಲು ಇದನ್ನು ಓದಿ. ರಾಯಲ್ ವೃತ್ತದ ಸುತ್ತಮುತ್ತ, ಬೆಂಗಳೂರು ರಸ್ತೆಯಲ್ಲಿ ನಾನು ಕೇಳದ ಅಂಗಡಿ ಉಳಿದಿಲ್ಲ. ಸ್ಪೀಕರ್ ಸಿಗುತ್ತದೆ, ಆಂಪ್ಲಿಫೈಯರ್ ಸಿಗುತ್ತದೆ, ರೆಕಾರ್ಡಿನ ಸೂಜಿ ಎಂದರೆ ನಮ್ಮ ಮುಖವನ್ನೇ ನೋಡುತ್ತಾರೆ. ಕೊನೆಗೆ ಬೇರೆ ಊರಿನವರನ್ನು ಫೋನಿನಲ್ಲಿ ನಂಬಬೇಕು. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಬೆಂಗಳೂರಿನ ಮಾರಾಟಗಾರನೊಬ್ಬ ಯಾರೋ ಬಳಸಿ ಸವೆಸಿದ ಸೂಜಿಯನ್ನು ಹೊಸದೆಂದು ನನಗೆ ಕಟ್ಟಿದ್ದಾನೆ.

ನಾನು ಕೇಳಿದ್ದು ಆಡಿಯೋ ಟೆಕ್ನಿಕಾ ಕಂಪನಿಯ ವಿಎಂ95ಇ ಎಂಬ ಕಾರ್ಟ್ರಿಜ್. ಕಂಡಕಂಡದ್ದನ್ನು ಕೇಳಲಿಲ್ಲ, ಯೋಚನೆ ಮಾಡಿಯೇ ಕೇಳಿದ್ದೆ. ಅರ್ಧ ಇಂಚಿನ ಅಂತರದಲ್ಲಿ ಎರಡು ಸ್ಕ್ರೂ ಹಾಕುವ ಸಾಮಾನ್ಯ ಹೆಡ್‌ಶೆಲ್‌ಗೆ (ಟರ್ನ್‌ಟೇಬಲ್ ತೋಳಿನ ತುದಿಯ ಭಾಗಕ್ಕೆ) ಅದು ಕೂರುತ್ತದೆ. ಸೂಜಿ ರೆಕಾರ್ಡನ್ನು ಒತ್ತುವ ತೂಕ 2 ಗ್ರಾಂ ಸಾಕು. 4 ಮಿಲಿವೋಲ್ಟ್ ಸಂಕೇತ ಕೊಡುತ್ತದೆ, ಫೋನೋ ಇನ್‌ಪುಟ್ (ಟರ್ನ್‌ಟೇಬಲ್ ಜೋಡಿಸುವ ಜಾಗ) ಇರುವ ನನ್ನ ಹಳೆಯ ಆಂಪ್ಲಿಫೈಯರ್‌ಗೆ ಅದು ಸರಿಯಾಗಿ ಹೊಂದುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಸಾಲಿನ ಎಲ್ಲ ಸೂಜಿಗಳೂ ಒಂದೇ ಕಾರ್ಟ್ರಿಜ್ ಬಾಡಿಯಲ್ಲಿ ಕೂರುತ್ತವೆ. ಸವೆದರೆ ಸೂಜಿಯನ್ನಷ್ಟೇ ಎಳೆದು ಬದಲಿಸಬಹುದು, ಮುಂದೆ ಕೈಯಲ್ಲಿ ಹಣವಾದಾಗ ಮೇಲಿನ ದರ್ಜೆಯದನ್ನು ಹಾಕಿಕೊಳ್ಳಬಹುದು. ನಮ್ಮಂಥ ಮಧ್ಯಮ ವರ್ಗದವರಿಗೆ ಇದಕ್ಕಿಂತ ಲೆಕ್ಕಕ್ಕೆ ಬರುವ ಕಾರ್ಟ್ರಿಜ್ ಕಡಿಮೆ. ಈಗಲೂ ಹಾಗೆಯೇ ಹೇಳುತ್ತೇನೆ. ಕೆಟ್ಟದ್ದು ಕಾರ್ಟ್ರಿಜ್ ಅಲ್ಲ, ಮಾರಿದವನು.

"ಒಂದೇ ಒಂದು ಪೀಸ್ ಉಳಿದಿದೆ ಸರ್, ಸೀಲ್ ಪ್ಯಾಕ್. ಇನ್ನೊಬ್ಬರು ಸಂಜೆ ಬರುತ್ತೇನೆ ಎಂದಿದ್ದಾರೆ" ಎಂದ. ಬೆಲೆ 4,200 ರೂಪಾಯಿ. ಬಿಲ್ ಕೇಳಿದರೆ, "ಬಿಲ್ ಹಾಕಿದರೆ ನಿಮಗೇ ಹೊರೆ ಸರ್" ಎಂದ. ಮನೆಯಲ್ಲಿ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೆಯ ರೆಕಾರ್ಡುಗಳೂ ಇವೆ, ಅವಕ್ಕೆ ನಡೆಯುತ್ತದೆಯೇ ಎಂದು ಕೇಳಿದೆ. "ಎಲ್ಲದಕ್ಕೂ ನಡೆಯುತ್ತದೆ ಸರ್, ಧಾರಾಳವಾಗಿ ಹಾಕಿ." ಇದೊಂದು ಶುದ್ಧ ಸುಳ್ಳು. 78ರಲ್ಲಿ ಸೂಜಿ ಓಡುವ ಗೀರು ಅಗಲ, ಅದಕ್ಕೆ 3 ಮಿಲ್ (ಇಂಚಿನ ಸಾವಿರದ ಮೂರು ಭಾಗ) ತುದಿಯ ಸೂಜಿ ಬೇಕು. ಎಲ್‌ಪಿಯ, ಅಂದರೆ ನಂತರ ಬಂದ ನಿಧಾನ ತಿರುಗುವ ರೆಕಾರ್ಡಿನ, ಸೂಜಿಯ ತುದಿ ಅದರ ಕಾಲು ಭಾಗದಷ್ಟೂ ಇಲ್ಲ, ಗೀರಿನ ತಳದಲ್ಲಿ ಉಜ್ಜಿಕೊಂಡು ಹೋಗುತ್ತದೆ. ಅರಗಿನ ಆ ಹಳೆಯ ತಟ್ಟೆಗಳಲ್ಲಿ ಕಲ್ಲಿನ ಪುಡಿಯನ್ನೂ ಬೆರೆಸಿರುತ್ತಾರೆ, ಸೂಜಿ ಬೇಗ ಸವೆಯುತ್ತದೆ. ಇದೇ ಸಾಲಿನಲ್ಲಿ 78ಕ್ಕೆಂದೇ ವಿಎಂ95ಎಸ್‌ಪಿ ಎಂಬುದು ಬೇರೆ ಇದೆ. ಸೂಜಿ ಮಾರುವವನಿಗೆ ಇದು ಗೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ?

ಪಾರ್ಸೆಲ್ ಬಂತು. ಡಬ್ಬಿಯ ಮೇಲಿನ ಟೇಪು ಹೊಸದು, ಒಳಗಿನ ಸ್ಕ್ರೂ ಪೊಟ್ಟಣ ಹರಿದದ್ದು. ಸರಿ, ಎಂದುಕೊಂಡು ಕಾರ್ಟ್ರಿಜ್ ಕೈಗೆತ್ತಿಕೊಂಡೆ. ಈ ಮಾದರಿಯಲ್ಲಿ ಸ್ಕ್ರೂ ಕೂರುವ ಥ್ರೆಡ್ ಬಾಡಿಯಲ್ಲಿಯೇ ಇರುತ್ತದೆ. ಆ ಎರಡೂ ರಂಧ್ರಗಳ ಅಂಚು ಉಜ್ಜಿ ಹೊಳೆಯುತ್ತಿತ್ತು. ಹಿಂದಿನ ನಾಲ್ಕು ಪಿನ್‌ಗಳ ಮೇಲೆ ಕ್ಲಿಪ್ ಹಾಕಿ ತೆಗೆದ ಗೀಚುಗಳು. ಹಸಿರು ಸೂಜಿಯ ಬುಡದಲ್ಲಿ ಬೂದು ಬಣ್ಣದ ನಾರು ಸುತ್ತಿಕೊಂಡಿತ್ತು. ಹೊಸ ಡಬ್ಬಿಯಿಂದ ತೆಗೆದ ಸೂಜಿಗೆ ರೆಕಾರ್ಡಿನ ಕಸ ಎಲ್ಲಿಂದ ಬರಬೇಕು? ಎದೆ ಧಸಕ್ಕೆಂದಿತು. ಫೋಟೋ ತೆಗೆದು ಕಳಿಸಿದೆ.

"ಟೆಸ್ಟ್ ಮಾಡಿ ಕಳಿಸಿದ್ದೇವೆ ಸರ್, ನಿಮ್ಮ ಒಳ್ಳೆಯದಕ್ಕೇ."

ಸೀಲ್ ಒಡೆಯದೆ ಟೆಸ್ಟ್ ಮಾಡುವುದು ಹೇಗೆ? ಇದನ್ನೇ ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. "ಮೊದಲು ನುಡಿಸಿ ನೋಡಿ ಸರ್, ಆಮೇಲೆ ಮಾತಾಡಿ."

ನುಡಿಸಿದೆ. ನುಡಿಸುವ ದಿನ ನನ್ನ ಸೋದರಮಾವ ಮನೆಗೆ ಬಂದಿದ್ದರು. ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ನುಡಿಸಿದವರು, ಈ ರೆಕಾರ್ಡುಗಳಲ್ಲಿ ಅರ್ಧ ಅವರು ಕೊಟ್ಟವೇ. ಭೀಮಸೇನ ಜೋಶಿಯವರ ದಾಸರ ಪದಗಳ ಎಲ್‌ಪಿ ಹಾಕಿದೆ. ಮೊದಲ ಪದ ಹೇಗೋ ಆಯಿತು. ಸೂಜಿ ಒಳಸುತ್ತಿಗೆ ಸರಿದಂತೆ ಒಂದೊಂದು ಸಕಾರವೂ ಛಕಾರವಾಗಿ ಹರಿಯತೊಡಗಿತು, ತಾನಗಳಲ್ಲಿ ಧ್ವನಿ ಒಡೆಯಿತು. ಮಾವ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೇಳಿದರು. ಆಮೇಲೆ, "ಇದು ಭೀಮಸೇನರ ಕಂಠವಲ್ಲಪ್ಪ, ತೆಗೆದುಬಿಡು" ಎಂದರು. ಹೊಸ ಸೂಜಿ ತರಿಸಿದ್ದೇನೆ ಬನ್ನಿ ಎಂದು ಕರೆದದ್ದೇ ನಾನು. ಅವರ ಎದುರು ನಿಂತು ನನಗಾದ ಅವಮಾನವನ್ನು ಆ ಮಾರಾಟಗಾರ ಯಾವ ಹಣದಿಂದ ತೀರಿಸುತ್ತಾನೆ?

ಆಮೇಲೆ ಬಂದ ಉತ್ತರಗಳನ್ನು ಬಂದ ಹಾಗೆಯೇ ಬರೆಯುತ್ತೇನೆ, ನಿಮಗೂ ಇವೇ ಬರುತ್ತವೆ.

"ಹೊಸ ಸೂಜಿ ಸರ್, ಸ್ವಲ್ಪ ದಿನ ಓಡಿದ ಮೇಲೆ ಸರಿಹೋಗುತ್ತದೆ."

"ತೂಕ ಹೆಚ್ಚಿಸಿ, 3 ಗ್ರಾಂ ಇಡಿ." ತಯಾರಕರು ಹೇಳಿರುವುದು 1.8ರಿಂದ 2.2 ಗ್ರಾಂ. 3 ಗ್ರಾಂ ಇಟ್ಟರೆ ಸದ್ದು ಅಡಗಬಹುದು, ರೆಕಾರ್ಡಿನ ಗತಿ? ಸವೆದ ಸೂಜಿಯನ್ನು ಇನ್ನಷ್ಟು ಒತ್ತಿ ನನ್ನ ರೆಕಾರ್ಡನ್ನೇ ಹಾಳು ಮಾಡಿಕೊಳ್ಳಲು ಸಲಹೆ ಕೊಡುತ್ತಾನೆ!

"ನಿಮ್ಮ ರೆಕಾರ್ಡೇ ಹಳೆಯದು ಸರ್."

"ಬಳ್ಳಾರಿ ಅಲ್ಲವೇ ಸರ್, ಅಲ್ಲಿಯ ಧೂಳಿಗೆ ಯಾವ ಸೂಜಿಯೂ ತಡೆಯುವುದಿಲ್ಲ."

ಇದನ್ನು ಓದಿದಾಗ ನನ್ನ ಕೈ ನಡುಗಿತು. ನಮ್ಮ ಊರಿನ ಧೂಳು ನಮಗೆ ಗೊತ್ತು. ಅದಕ್ಕಾಗಿಯೇ ಪ್ರತಿ ರೆಕಾರ್ಡನ್ನೂ ಬ್ರಷ್‌ನಿಂದ ಒರೆಸಿಯೇ ಹಾಕುತ್ತೇವೆ, ಮುಚ್ಚಳ ತೆರೆದಿಡುವುದಿಲ್ಲ. ಪಾರ್ಸೆಲ್ ಬಿಚ್ಚಿದ ಗಳಿಗೆಯಲ್ಲಿಯೇ ಸೂಜಿಗೆ ಸುತ್ತಿಕೊಂಡಿದ್ದ ನಾರು ಬಳ್ಳಾರಿಯ ಧೂಳೇ? ಅವನ ಕಳ್ಳತನಕ್ಕೆ ನಮ್ಮ ಊರನ್ನು ಹೊಣೆ ಮಾಡುತ್ತಾನೆ.

ಅಕ್ಕನ ಮಗಳು ಕಾಲೇಜಿನ ಪ್ರಯೋಗಾಲಯದಲ್ಲಿ ಕೇಳಿಕೊಂಡು ಸೂಜಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಪಕ್ಕದಿಂದ ಮೊಬೈಲಿನ ಬೆಳಕು ಬಿಟ್ಟಾಗ ಸಾಸಿವೆಗಿಂತ ಎಷ್ಟೋ ಸಣ್ಣದಾದ ಆ ವಜ್ರದ ತುದಿಯ ಎರಡೂ ಬದಿಯಲ್ಲಿ ಚಪ್ಪಟೆಯಾದ ಎರಡು ಜಾಗಗಳು ಮಿನುಗಿದವು. ನುಣುಪಾಗಿ ದುಂಡಗಿರಬೇಕಾದ ಕಡೆ ಅಂಚು ಎದ್ದಿತ್ತು. ಗೀರಿನ ಎರಡು ಗೋಡೆಗಳಿಗೆ ಉಜ್ಜಿ ಉಜ್ಜಿ ಸವೆದಾಗ ಹೀಗೆಯೇ ಆಗುವುದು. ಆ ಅಂಚು ಉಳಿಯಂತೆ ರೆಕಾರ್ಡನ್ನು ಕೆರೆಯುತ್ತದೆ, ಕೆರೆದದ್ದು ಮತ್ತೆ ಸರಿಹೋಗುವುದಿಲ್ಲ. ಎಂದರೆ ನನ್ನ ಎಲ್‌ಪಿಗೂ ಪೆಟ್ಟು ಬಿದ್ದಿದೆ. ಮಾವ ಕೊಟ್ಟ ಮಲ್ಲಿಕಾರ್ಜುನ ಮನ್ಸೂರರ 78ರ ತಟ್ಟೆಯನ್ನು ಅವನ ಮಾತು ಕೇಳಿ ಹಾಕಲಿಲ್ಲ, ಅಷ್ಟು ಉಳಿಯಿತು.

ಆ ಚಿತ್ರವನ್ನೂ ಕಳಿಸಿದೆ. ಬಂದ ಕೊನೆಯ ಉತ್ತರ: "ಸೂಜಿಗೆ ವಾರಂಟಿ ಇಲ್ಲ ಸರ್. ಸೂಜಿ ಸವೆಯುವ ವಸ್ತು." ನಾನು ಕೇಳಿದ್ದು ವಾರಂಟಿ ಅಲ್ಲ, ಹೊಸದೆಂದು ಹಳೆಯದನ್ನು ಕೊಟ್ಟದ್ದೇಕೆ ಎಂದು. ಅದಾದ ಮೇಲೆ ನನ್ನ ಸಂಖ್ಯೆಯನ್ನೇ ತಡೆಹಿಡಿದಿದ್ದಾನೆ.

ಕೊಳ್ಳುವವರಿಗೆ ಹೇಳುವುದಿಷ್ಟು. ಬಿಲ್ ಕೊಡದವನಿಂದ ಕೊಳ್ಳಲೇಬೇಡಿ. ಸ್ಕ್ರೂ ರಂಧ್ರ, ಹಿಂದಿನ ಪಿನ್, ಸೂಜಿಯ ತುದಿ ಇಷ್ಟರ ಹತ್ತಿರದ ಫೋಟೋ ಕೇಳಿ, ಕೊಡದಿದ್ದರೆ ಅಲ್ಲಿಗೇ ಬಿಡಿ. ಪಾರ್ಸೆಲ್ ಬಿಚ್ಚುವಾಗ ಟೇಪು ಕತ್ತರಿಸುವುದರಿಂದಲೇ ವಿಡಿಯೋ ಮಾಡಿ. ನಿಮ್ಮ ಬಜೆಟ್ ಇನ್ನೂ ಕಡಿಮೆಯಾದರೆ ಅದೇ ಕಂಪನಿಯ ಎಟಿ3600ಎಲ್ ಸಿಗುತ್ತದೆ. ದುಂಡು ತುದಿ, ತೂಕ 2.5ರಿಂದ 3.5 ಗ್ರಾಂ, ಒರಟು ನಿಜ, ಆದರೂ ಹೊಸದಾದ ದುಂಡು ಸೂಜಿ ವಿಎಂ95ಇಯಂಥ ಸವೆದ ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಸೂಜಿಗಿಂತ ಸಾವಿರ ಪಾಲು ಮೇಲು.

ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಇತ್ಯರ್ಥವಾಗದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮಾರಿದವನ ಊರಿಗೆ ಅಲೆಯಬೇಕಿಲ್ಲ, ನಾವು ಇರುವ ಊರಿನಲ್ಲಿಯೇ ದೂರು ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಹಣ ಕಳಿಸಿದ ಯುಪಿಐ ದಾಖಲೆ, ಸಂದೇಶಗಳು, ಸೂಕ್ಷ್ಮದರ್ಶಕದ ಚಿತ್ರ ಎಲ್ಲವನ್ನೂ ಜೋಡಿಸಿಟ್ಟಿದ್ದೇನೆ. "ಒಂದೇ ಪೀಸ್, ಸೀಲ್ ಪ್ಯಾಕ್, ಇನ್ನೊಬ್ಬರು ಸಂಜೆ ಬರುತ್ತಾರೆ" ಎಂಬ ಮಾತನ್ನೇ ನಿಮಗೂ ಯಾರಾದರೂ ಹೇಳಿದ್ದರೆ, ನಿಮ್ಮ ಸಂದೇಶಗಳನ್ನು ಅಳಿಸಬೇಡಿ, ನನಗೆ ತಿಳಿಸಿ. ದೂರಿನ ಜೊತೆ ಅವನ್ನೂ ಸೇರಿಸುತ್ತೇನೆ.