ಇಳಕಲ್ ಸೀರೆ ಮಾರಲು ದೊಡ್ಡ ಇ-ಮಳಿಗೆಯೋ, ರೀಲ್ಸೋ, ವಾಟ್ಸಾಪ್ ಕ್ಯಾಟಲಾಗೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ವಾಟ್ಸಾಪ್ ಬಿಸಿನೆಸ್ ಕಡೆಗಿದೆ. ಆದ್ದರಿಂದ ಇದನ್ನು ಯಾವ ಪಕ್ಷಕ್ಕೂ ಸೇರದವರ ತೀರ್ಪೆಂದು ಓದಬೇಡಿ. ಇಳಕಲ್‌ನ ನಮ್ಮ ಮನೆಯಲ್ಲಿ ನಾಲ್ಕು ಕೈಮಗ್ಗಗಳಿವೆ. ಅಕ್ಕಪಕ್ಕದ ಕೆಲವು ನೇಕಾರರು ನೇಯ್ದ ಸೀರೆಗಳನ್ನೂ ನಾವೇ ಕೊಂಡು ಮಾರುತ್ತೇವೆ. 2020ರ ಲಾಕ್‌ಡೌನ್‌ವರೆಗೆ ನಮ್ಮ ವ್ಯಾಪಾರವೆಲ್ಲ ಸೊಲ್ಲಾಪುರ, ಕೊಲ್ಹಾಪುರ, ಹುಬ್ಬಳ್ಳಿಯ ಅಂಗಡಿಕಾರರಿಂದ ಮತ್ತು ಕೈಮಗ್ಗ ಮೇಳಗಳಿಂದ ನಡೆಯುತ್ತಿತ್ತು. ಆ ಎರಡೂ ದಾರಿಗಳು ಒಟ್ಟಿಗೇ ಮುಚ್ಚಿದಾಗ ಆನ್‌ಲೈನ್ ಮಾರಾಟಕ್ಕೆ ಇಳಿಯದೆ ಗತಿಯಿರಲಿಲ್ಲ. ಅಲ್ಲಿಂದ ಈಚೆಗೆ ಒಂದು ದೊಡ್ಡ ಇ-ಮಳಿಗೆಯಲ್ಲಿ ಮಾರಿದ್ದೇವೆ, ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಕೊಟ್ಟಿದ್ದೇವೆ, ವಾಟ್ಸಾಪ್ ಕ್ಯಾಟಲಾಗ್‌ನಿಂದಲೂ ವ್ಯಾಪಾರ ಮಾಡಿದ್ದೇವೆ. ಪ್ರಚಾರಕ್ಕೆಂದು ತಿಂಗಳಿಗೆ ಎರಡು ಸಾವಿರ ರೂಪಾಯಿಗಿಂತ ಹೆಚ್ಚು ತೆಗೆದಿಡಲು ನಮ್ಮಿಂದ ಆಗುವುದಿಲ್ಲ, ಇರುವುದು ವ್ಯಾಪಾರದ ಒಂದೇ ಫೋನು, ಫೋಟೊ ತೆಗೆಯುವವನು ಕಾಲೇಜಿಗೆ ಹೋಗುವ ಮಗ. ಈ ಮಿತಿಯೊಳಗೇ ಹೋಲಿಸಿ ನೋಡಿದ್ದು.

ಇ-ಮಳಿಗೆಯ ಗುಣವನ್ನು ಅಲ್ಲಗಳೆಯುವಂತಿಲ್ಲ. ನಾವು ಹೆಸರನ್ನೂ ಕೇಳಿರದ ಊರುಗಳಿಂದ ಆರ್ಡರ್ ಬಂತು, ಕೊರಿಯರ್‌ನವರು ಮನೆಗೇ ಬಂದು ಪಾರ್ಸೆಲ್ ಒಯ್ದರು, ದುಡ್ಡು ಹೇಳಿದ ದಿನಕ್ಕೆ ಖಾತೆಗೆ ಜಮೆಯಾಯಿತು. 2,800 ರೂಪಾಯಿಯ ಸೀರೆಗೆ ಕಮಿಷನ್, ಸಾಗಣೆ, ಅವುಗಳ ಮೇಲಿನ ತೆರಿಗೆ ಎಲ್ಲ ಕಳೆದು ಹೆಚ್ಚುಕಡಿಮೆ 2,250 ರೂಪಾಯಿ ಕೈಗೆ ಬರುತ್ತಿತ್ತು. ಅಂಗಡಿಕಾರರಿಗೆ ಕೊಡುವ ಸಗಟು ದರಕ್ಕಿಂತ ಇದು ಕಡಿಮೆಯೇನಲ್ಲ. ಜಿಎಸ್‌ಟಿ ನೋಂದಣಿ ನಮ್ಮಲ್ಲಿ ಮೊದಲೇ ಇತ್ತು. ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳಿಗೂ 2023ರ ಅಕ್ಟೋಬರ್ 1ರಿಂದ ಇಂಥ ತಾಣಗಳ ಬಾಗಿಲು ತೆರೆದಿದೆಯಾದರೂ ಅವರು ತಮ್ಮ ರಾಜ್ಯದೊಳಗೆ ಮಾತ್ರ ಮಾರಬಹುದು. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲಿ ಇರುವ ಗಿರಾಕಿಯನ್ನು ಬಲ್ಲವರಿಗೆ ಈ ಷರತ್ತಿನ ನಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ತೊಂದರೆ ಶುರುವಾಗುವುದು ಸೀರೆಯ ಸ್ವಭಾವದಿಂದ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ರೇಷ್ಮೆಯ ಎಳೆಯನ್ನು ಕೊಂಡಿ ಹಾಕಿ ಸೇರಿಸಿದ ಮೇಲೆಯೇ ನೇಯ್ಗೆ ಮುಂದುವರಿಯುತ್ತದೆ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಹೂಡಬೇಕು. ಒಂದೇ ಬಣ್ಣದ ಎರಡು ಸೀರೆಗಳಲ್ಲಿಯೂ ದಡಿಯ ಅಗಲ, ಟೋಪುತೆನಿ ಎಂಬ ಸೆರಗಿನ ವಿನ್ಯಾಸದ ಬಿಳಿ ಗೆರೆಗಳ ಅಂತರ ತುಸು ಬೇರೆಯಾಗುತ್ತವೆ. ಇ-ಮಳಿಗೆ ಕೇಳುವುದಾದರೋ ಒಂದು ಫೋಟೊ ಮತ್ತು ಅದರ ಮುಂದೆ ದಾಸ್ತಾನಿನ ಸಂಖ್ಯೆ. ನಮ್ಮ ದಾಸ್ತಾನು ಯಾವಾಗಲೂ ಒಂದು. ಆ ಒಂದು ಮಾರಿಹೋದ ಕೂಡಲೇ ಪುಟ ಮಂಕಾಗುತ್ತದೆ, ಗ್ರಾಹಕರು ಬರೆದ ಒಳ್ಳೆಯ ಮಾತುಗಳೂ ಅದರೊಂದಿಗೇ ಹಿಂದೆ ಬೀಳುತ್ತವೆ, ಮುಂದಿನ ಸೀರೆ ಮತ್ತೆ ಸೊನ್ನೆಯಿಂದ ಹೊರಡಬೇಕು. ಅದರ ಪಕ್ಕದಲ್ಲಿಯೇ ಐನೂರು ರೂಪಾಯಿಯ ಪಾಲಿಯೆಸ್ಟರ್ ಸೀರೆ, ಇಳಕಲ್‌ನ ಹೆಸರು ಹೊತ್ತು, ಸಾವಿರಾರು ಜನರ ಶಿಫಾರಸಿನೊಂದಿಗೆ ಮೇಲಿನ ಸಾಲಿನಲ್ಲಿ ಕುಳಿತಿರುತ್ತದೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯ ಪಟ್ಟಿಯಲ್ಲಿ ಸೀರೆಯೂ ಇದೆ, ಇಳಕಲ್ ಸೀರೆಯ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕವೂ ಇದೆ. ಆದರೆ ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಬರೆದು ಬೆಲೆ ಕಡಿಮೆಯಿರುವುದನ್ನು ಮೊದಲು ತೋರಿಸೆಂದು ಕೇಳುವವರಿಗೆ ಇವೆರಡೂ ಕಾಣುವುದಿಲ್ಲ.

ಇಷ್ಟನ್ನು ಸಹಿಸಿಕೊಳ್ಳಬಹುದಿತ್ತು. ನನ್ನನ್ನು ಅಲ್ಲಿಂದ ಎಬ್ಬಿಸಿದ್ದು ವಾಪಸಾತಿಯ ವ್ಯವಸ್ಥೆ. ದಾಳಿಂಬೆ ಕೆಂಪಿನ ಒಡಲು, ಪರಾಸಪೇಟಿ ದಡಿ, ರೇಷ್ಮೆ ಸೆರಗಿನ ಒಂದು ಸೀರೆ, ಬಣ್ಣ ಒಪ್ಪಿಗೆಯಾಗಲಿಲ್ಲ ಎಂಬ ಕಾರಣ ಹೊತ್ತು ಹಿಂದಿರುಗಿತು. ಪೊಟ್ಟಣ ಬಿಚ್ಚಿದೊಡನೆ ಮಡಿಕೆಯಿಂದಲೇ ಅನುಮಾನ ಬಂತು. ನಾವು ಸೆರಗು ಮೇಲೆ ಕಾಣುವಂತೆ ಮಡಚಿ ಕಾಗದದ ಪಟ್ಟಿ ಸುತ್ತುತ್ತೇವೆ, ಇದು ಅಂಗಡಿಯ ಮಡಿಕೆಯಲ್ಲಿತ್ತು. ಬಣ್ಣವೇನೋ ಕೆಂಪೇ. ಆದರೆ ಸೆರಗು ಒಡಲಿಗೆ ಸೇರುವ ಕಡೆ ಬೆರಳಾಡಿಸಿದರೆ ನುಣ್ಣಗಿತ್ತು. ತಿರುವಿ ನೋಡಿದರೆ ಸಾಲಾಗಿ ಕಾಣಬೇಕಾದ ಕೊಂಡಿಗಳು ಇರಲಿಲ್ಲ. ಒಡಲಿನ ಹಾಸೇ ಕಡಿಯದೆ ಸೆರಗಿನ ತುದಿಯವರೆಗೆ ಹರಿದಿತ್ತು. ನಮ್ಮ ಸೀರೆ ಯಾರ ಮನೆಯಲ್ಲೋ ಉಳಿದು, ವಿದ್ಯುತ್ ಮಗ್ಗದ ಸೀರೆಯೊಂದು ನಮ್ಮ ಮನೆಗೆ ಬಂದಿತ್ತು.

ದೂರಿನ ಅರ್ಜಿಯಲ್ಲಿ ಬೇರೆ ವಸ್ತು ಬಂದಿದೆ ಎಂಬ ಕಾರಣವನ್ನು ಆರಿಸಿ, ಹೋದ ಸೀರೆಯ ಮತ್ತು ಬಂದ ಸೀರೆಯ ಚಿತ್ರಗಳನ್ನು ಸೇರಿಸಿದೆ. ಎರಡೂ ಕೆಂಪು ಬಣ್ಣದ ಸೀರೆಗಳೇ ಆಗಿರುವುದರಿಂದ ವ್ಯತ್ಯಾಸ ಕಂಡುಬರುವುದಿಲ್ಲ ಎಂದು ಉತ್ತರ ಬಂತು. ಕೊಂಡಿಯಿರುವ ಸೀರೆಯ ಹಿಂಬದಿಯನ್ನೂ ಇಲ್ಲದ ಸೀರೆಯ ಹಿಂಬದಿಯನ್ನೂ ಹತ್ತಿರದಿಂದ ತೆಗೆದು ಮತ್ತೆ ಕಳಿಸಿದರೆ, ಅದೇ ಉತ್ತರ ಅಕ್ಷರವೂ ಬದಲಾಗದೆ ಮರಳಿತು. ಫೋನಿನಲ್ಲಿ ಸಿಕ್ಕವರು ಸೌಜನ್ಯದಿಂದಲೇ ಸೀರೆಯ ಕ್ರಮಸಂಖ್ಯೆ ಕೇಳಿದರು. ಕೈಮಗ್ಗದ ಸೀರೆಗೆ ಕ್ರಮಸಂಖ್ಯೆ ಎಲ್ಲಿಂದ ಬರಬೇಕು? ಕೈಮಗ್ಗ ಗುರುತಿನ ಚೀಟಿ ಹಚ್ಚಿ ಕಳಿಸಿದ್ದೆವು, ಬಂದ ಸೀರೆಯಲ್ಲಿ ಅದಿಲ್ಲ ಎಂದು ಹೇಳಿದ್ದಕ್ಕೆ, ಚೀಟಿ ದಾರಿಯಲ್ಲಿ ಉದುರಿರಬಹುದು ಎಂಬ ಸಮಾಧಾನ ದೊರೆಯಿತು. ಕೊನೆಗೆ ಸಿಕ್ಕ ಪರಿಹಾರ ಬೆಲೆಯ ಅರ್ಧಕ್ಕೂ ಕಡಿಮೆ. ಕೊಂಡವರೊಂದಿಗೆ ನೇರ ಮಾತಾಡಿ ಕೇಳೋಣವೆಂದರೆ ಅವರ ನಂಬರು ನಮಗೆ ಕಾಣುವಂತಿರಲಿಲ್ಲ.

ಆಮೇಲೆ ಸೆರಗಿಗೆ ಒಮ್ಮೆ ಕಡಿದರೆ ಮತ್ತೆ ಕೂಡದ ಪ್ಲಾಸ್ಟಿಕ್ ಸೀಲು ಹಾಕಿ ಕಳಿಸಲು ಶುರುಮಾಡಿದೆವು. ಆದರೆ ಇಳಕಲ್ ಸೀರೆ ಕೊಳ್ಳುವವರು ಮೊದಲು ಬಿಚ್ಚಿ ನೋಡುವುದೇ ಸೆರಗನ್ನು. ಸೀಲು ಕಡಿಯದೆ ನೋಡುವಂತಿಲ್ಲ, ಕಡಿದರೆ ಪ್ರಾಮಾಣಿಕವಾಗಿ ಹಿಂದಿರುಗಿಸಲು ಬಯಸುವವರಿಗೂ ಅಡ್ಡಿ. ಹಿಂದಿರುಗಿದ ಪ್ರತಿ ಪೊಟ್ಟಣವನ್ನು ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ ಎಂಬುದು ತಿಳಿದವರ ಸಲಹೆ. ಅದನ್ನೂ ಮಾಡಿದೆವು. ಮಗ್ಗದ ಮುಂದೆ ಕುಳಿತವರು ಎದ್ದು, ಕೈ ಒರೆಸಿಕೊಂಡು, ಫೋನು ಹಿಡಿಯುವ ಇನ್ನೊಬ್ಬರನ್ನು ಕರೆಯುವಷ್ಟರಲ್ಲಿ ಪಾರ್ಸೆಲ್ ತಂದ ಹುಡುಗ ಒಟಿಪಿ ಹೇಳಿರೆಂದು ಬಾಗಿಲಲ್ಲಿ ಅವಸರ ಮಾಡುತ್ತಿರುತ್ತಾನೆ. ಅವನದೂ ತಪ್ಪಲ್ಲ, ಅವನ ಚೀಲದಲ್ಲಿ ಇನ್ನೆಷ್ಟೋ ಮನೆಗಳ ಪೊಟ್ಟಣಗಳಿರುತ್ತವೆ. ಒಂದೇ ಅಚ್ಚಿನ ವಸ್ತು ಮಾರುವ, ಗೋದಾಮಿನಲ್ಲಿ ಕೆಲಸದವರನ್ನು ಇಟ್ಟುಕೊಂಡಿರುವ ವ್ಯಾಪಾರಿಗೆ ಈ ಪದ್ಧತಿ ಸಲೀಸು. ನೇಯುವವರೇ ಮಾರುವವರೂ ಆಗಿರುವ ಮನೆಗೆ ಅಲ್ಲ.

ಇನ್‌ಸ್ಟಾಗ್ರಾಮ್ ವಿಷಯದಲ್ಲಿ ದೂರುವುದೇನಿಲ್ಲ, ನಿರೀಕ್ಷೆ ಮಾತ್ರ ಸರಿಯಿರಬೇಕು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲಿಯೇ ರೀಲ್ಸ್ ಬಂದಾಗ ಚಿಕ್ಕ ವಿಡಿಯೊ ನೋಡುವ ಜನರೆಲ್ಲ ಅತ್ತ ಹೊರಳಿದರು. ಅತ್ತೆಯವರು ಕೊಂಡಿ ಹಾಕುವುದನ್ನು ಮಗ ಹಿನ್ನೆಲೆ ಸಂಗೀತವಿಲ್ಲದೆ, ಮಗ್ಗದ ಸದ್ದಿನೊಂದಿಗೇ ತೆಗೆದು ಹಾಕಿದ ವಿಡಿಯೊ ನಮ್ಮ ಯಾವ ಜಾಹೀರಾತಿಗಿಂತಲೂ ಹೆಚ್ಚು ಜನರನ್ನು ತಲುಪಿತು. ದುಡ್ಡು ಕೊಟ್ಟು ಹಬ್ಬಿಸಿದ ಪೋಸ್ಟುಗಳಿಗೆ ಮೆಚ್ಚುಗೆ ಬಂತು, ಬೆಲೆ ಕೇಳುವವರು ಬಂದರು, ಕೊಂಡವರು ಬೆರಳೆಣಿಕೆಯಷ್ಟು. ಜಾಹೀರಾತಿನ ಮೊತ್ತದ ಮೇಲೆ ಶೇಕಡ 18 ಜಿಎಸ್‌ಟಿ ಬೇರೆ ಬೀಳುತ್ತದೆ, ಎರಡು ಸಾವಿರದ ಲೆಕ್ಕ ಹಾಕುವವರು ಅದನ್ನು ಮರೆಯಬಾರದು. ನಮ್ಮ ಮಟ್ಟಿಗೆ ಇನ್‌ಸ್ಟಾಗ್ರಾಮ್ ಊರ ಬಾಗಿಲಿನ ಬೋರ್ಡು ಇದ್ದ ಹಾಗೆ, ಬಂದವರಿಗೆ ಅಂಗಡಿಯ ದಾರಿ ತೋರಿಸಿದರೆ ಅದರ ಕೆಲಸ ಮುಗಿಯಿತು. ಈಗ ದುಡ್ಡು ಕೊಡುವುದನ್ನು ನಿಲ್ಲಿಸಿ, ಪುಟದ ಮೇಲ್ಭಾಗದಲ್ಲಿ ವಾಟ್ಸಾಪ್ ಲಿಂಕನ್ನಷ್ಟೇ ಇಟ್ಟಿದ್ದೇವೆ. ಕಾಲೇಜುಗಳಲ್ಲಿ ಸೀರೆಯುಟ್ಟು ಹೋಗುವ ದಿನಗಳು ಬಂದಾಗ ಹುಬ್ಬಳ್ಳಿ, ಧಾರವಾಡದ ಹುಡುಗಿಯರು ಅಲ್ಲಿಂದಲೇ ಬರುತ್ತಾರೆ.

ಇನ್ನು ನನಗೆ ಒಗ್ಗಿದ ದಾರಿ. ವಾಟ್ಸಾಪ್ ಬಿಸಿನೆಸ್ ಆ್ಯಪಿಗೆ ಕ್ಯಾಟಲಾಗ್ ಬಂದದ್ದು 2019ರ ನವೆಂಬರಿನಲ್ಲಿ. ನಮ್ಮಂಥವರಿಗೆ ಅದರಲ್ಲಿ ಬೇಕಾದದ್ದು ಬಹಳ ಕಡಿಮೆ: ಚಿತ್ರ, ಬೆಲೆ, ಎರಡು ಸಾಲಿನ ವಿವರ. ಒಂದು ಸೀರೆ ಮಾರಿದರೆ ಅಳಿಸಿ, ಇನ್ನೊಂದು ಮಗ್ಗದಿಂದ ಇಳಿದರೆ ಸೇರಿಸುವುದು. ದಾಸ್ತಾನು ಒಂದೇ ಎಂಬುದು ಇಲ್ಲಿ ಕೊರತೆಯಲ್ಲ, ಅದೇ ಮಾರಾಟದ ಬಲ. ಇದನ್ನು ಬಿಟ್ಟರೆ ಇಂಥದೇ ಮತ್ತೊಂದು ಸಿಗುವುದಿಲ್ಲ ಎಂದು ಗ್ರಾಹಕರಿಗೆ ತಾನಾಗಿಯೇ ತಿಳಿಯುತ್ತದೆ.

ಇ-ಮಳಿಗೆಯಲ್ಲಿ ವಾಪಸಾತಿಗೆ ಕಾರಣವಾಗುತ್ತಿದ್ದ ಬಣ್ಣದ ತಕರಾರು ಇಲ್ಲಿ ದುಡ್ಡು ಕೊಡುವ ಮೊದಲೇ ಬಗೆಹರಿಯುತ್ತದೆ. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಹಿತ್ತಲಿನ ಬೆಳಕಿನಲ್ಲಿ ಸೀರೆ ಹಿಡಿದು ವಿಡಿಯೊ ಕರೆ ಮಾಡಿದರೆ ಕೆಂಪು ಕೆಂಪಾಗಿಯೇ, ಗಿಳಿಹಸಿರು ಗಿಳಿಹಸಿರಾಗಿಯೇ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಎರಡೂ ಸುಳ್ಳು ಹೇಳುತ್ತವೆ. ಬಾಗಲಕೋಟೆಯ ಒಬ್ಬ ಶಿಕ್ಷಕಿ ಮೊದಲ ಕರೆಯಲ್ಲಿಯೇ, "ಅಕ್ಕಾರ, ಸೆರಗಿನ ಹಿಂದಿನ ಮಗ್ಗಲ ತೋರಸ್ರಿ, ಕೊಂಡಿ ನೋಡತೀನಿ" ಎಂದರು. ಅಂಥವರು ಒಮ್ಮೆ ಕೊಂಡರೆ ತಂಗಿಗೆ, ನಾದಿನಿಗೆ, ಸಹೋದ್ಯೋಗಿಗಳಿಗೆ ನಂಬರು ಕೊಡುತ್ತಾರೆ. ಈಗಿನ ನಮ್ಮ ವ್ಯಾಪಾರದ ದೊಡ್ಡ ಪಾಲು ಹೀಗೆ ನಂಬರು ಪಡೆದು ಬಂದವರದೇ, ಅದಕ್ಕೆ ಜಾಹೀರಾತಿನ ಖರ್ಚು ಬಿದ್ದಿಲ್ಲ. ದುಡ್ಡು ಯುಪಿಐ ಮೂಲಕ ಬರುತ್ತದೆ, ಸೀರೆ ಸ್ಪೀಡ್ ಪೋಸ್ಟಿನಲ್ಲಿ ಹೋಗುತ್ತದೆ, ಅಂಚೆಯ ರಸೀದಿಯ ಚಿತ್ರ ಅದೇ ಸಂಭಾಷಣೆಗೆ ಸೇರುತ್ತದೆ.

ದೋಷಗಳೂ ಇವೆ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ, ಅದರಲ್ಲಿಯೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ಪ್ರತಿ ಪೊಟ್ಟಣದಲ್ಲಿ ನಂಬರು ಉಳಿಸಿಕೊಳ್ಳಲು ಕೋರುವ ಚಿಕ್ಕ ಕಾರ್ಡು ಇಡುತ್ತೇವೆ; ಪಂಚಮಿ, ದಸರೆಯ ಮುನ್ನ ಹೊಸ ಸೀರೆಗಳ ಸುದ್ದಿ ಮುಟ್ಟುವುದು ಆ ಕಾರ್ಡಿನ ದೆಸೆಯಿಂದ. ಚೌಕಾಸಿ ಇಲ್ಲಿ ಹೆಚ್ಚು. ಹಣ ಹಾಕಿದ್ದೇವೆಂದು ನಕಲಿ ಸ್ಕ್ರೀನ್‌ಶಾಟ್ ಕಳಿಸುವವರು ಇರುವುದರಿಂದ ಬ್ಯಾಂಕಿನ ಸಂದೇಶ ಬಾರದೆ ಪೊಟ್ಟಣ ಕಟ್ಟುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬೆಲೆ ಕೇಳುವವರಿಗೆ ಆ್ಯಪಿನ ಸ್ವಯಂ ಉತ್ತರವೇ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ ಲೆಕ್ಕಪತ್ರದ ಹೊಣೆ ಪೂರ್ತಿ ನಮ್ಮದೇ. 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಹೋದಾಗ, ಬೆಂಗಳೂರಿನ ಹಲವು ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಫಲಕಗಳು ಬಂದವು. ಮನೆಯ ಖಾತೆಗೂ ವ್ಯಾಪಾರದ ಖಾತೆಗೂ ಒಂದೇ ಕ್ಯೂಆರ್ ಕೋಡ್ ಬಳಸುವವರು ಮೊದಲು ಅದನ್ನು ಬೇರ್ಪಡಿಸಬೇಕು, ಪ್ರತಿ ಸೀರೆಗೂ ಬಿಲ್ಲು ಬರೆಯಬೇಕು.

ಸ್ವಂತ ಜಾಲತಾಣ ಮಾಡಿಸಲಿಲ್ಲ. ವರ್ಷವರ್ಷವೂ ಕಟ್ಟಬೇಕಾದ ಬಾಡಿಗೆಗೆ ಸಮನಾದ ವ್ಯಾಪಾರ ಅಲ್ಲಿಂದ ಬರುವ ಭರವಸೆ ನನಗಿರಲಿಲ್ಲ. ಗೂಗಲ್ ವ್ಯಾಪಾರ ಪ್ರೊಫೈಲ್ ಉಚಿತ, ನಕ್ಷೆಯಲ್ಲಿ ಹುಡುಕುತ್ತ ಇಳಕಲ್‌ಗೆ ಬರುವವರಿಗಾಗಿ ಅದನ್ನು ಇಟ್ಟಿದ್ದೇವೆ. ಆದರೆ ಆ ಪ್ರೊಫೈಲಿನೊಂದಿಗೆ ದೊರೆಯುತ್ತಿದ್ದ ಉಚಿತ ಪುಟ್ಟ ಜಾಲತಾಣಗಳು 2024ರ ಮಾರ್ಚ್‌ನಲ್ಲಿ ನಿಂತುಹೋದವು ಎಂಬುದನ್ನು ನೆನಪಿಡಿ, ಕಾರ್ಡಿನ ಮೇಲೆ ಆ ವಿಳಾಸ ಅಚ್ಚು ಹಾಕಿಸಿದವರಿಗೆ ಬೇರೆ ಕಾರ್ಡೇ ಬೇಕಾಗುತ್ತದೆ. ಕೊಳ್ಳುವವರ ಮತ್ತು ಮಾರುವವರ ಬೇರೆಬೇರೆ ಆ್ಯಪುಗಳನ್ನು ಜೋಡಿಸುವ, ಸರ್ಕಾರದ ಬೆಂಬಲದ ಆನ್‌ಲೈನ್ ವ್ಯಾಪಾರ ಜಾಲ ಒಎನ್‌ಡಿಸಿ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಜನರಿಗೆ ತೆರೆದುಕೊಂಡಿತು. ಅಲ್ಲಿಗೆ ವ್ಯಾಪಾರಿಗಳು ಯಾವುದಾದರೂ ಸೆಲ್ಲರ್ ಆ್ಯಪಿನ ಮೂಲಕವೇ ಸೇರಬೇಕು. ನಾನು ಇನ್ನೂ ಸೇರಿಲ್ಲ, ಹಾಗಾಗಿ ಅದನ್ನು ಹೋಲಿಕೆಗೆ ಎಳೆಯುವುದಿಲ್ಲ.

ಟವೆಲ್, ಊದಿನಕಡ್ಡಿ, ಚಟ್ನಿಪುಡಿಯಂಥ ಏಕರೂಪದ ಸರಕು ಮಾರುವವರಿಗೆ, ದಿನವಿಡೀ ಫೋನಿಗೆ ಉತ್ತರ ಕೊಡುವ ತಾಳ್ಮೆ ಇಲ್ಲದವರಿಗೆ ನಾನು ಇ-ಮಳಿಗೆಯನ್ನೇ ಹೇಳುತ್ತೇನೆ. ಮಾತಾಡಿಯೇ ಮಾರಿ ರೂಢಿಯಾದ, ತಿಂಗಳಿಗೆ ಮಗ್ಗದಿಂದ ಇಳಿಯುವ ಸೀರೆಗಳನ್ನು ಹೆಸರು ಹಿಡಿದು ಹೇಳಬಲ್ಲ ನಮ್ಮಂಥವರಿಗೆ ವಾಟ್ಸಾಪೇ ಸಾಕು. ಹಾಗೆಂದು ಇ-ಮಳಿಗೆಯ ಖಾತೆಯನ್ನು ನಾವು ಮುಚ್ಚಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸ ಬಟ್ಟೆಯನ್ನು ಒಂದೇ ಅಳತೆಗೆ ಕತ್ತರಿಸಿ ಅಲ್ಲಿ ಇಟ್ಟಿದ್ದೇವೆ. ಒಂದೇ ನಮೂನೆಯವು ಬೇಕಾದಷ್ಟು ಸಿಗುತ್ತವೆ, ದಾಸ್ತಾನಿನ ಸಂಖ್ಯೆ ಬರೆಯಲು ಅಡ್ಡಿಯಿಲ್ಲ, ಅದಲುಬದಲಾಗಿ ಹಿಂದಿರುಗಿದರೂ ಆಗುವ ನಷ್ಟ ತಡೆದುಕೊಳ್ಳುವಷ್ಟು. ಖಣದ ಪೊಟ್ಟಣದೊಳಗೆ ಸೀರೆಯ ಕಾರ್ಡು ಇಡಲು ಆ ತಾಣದ ನಿಯಮ ಒಪ್ಪುವುದಿಲ್ಲ, ಆದ್ದರಿಂದ ಅದನ್ನು ಇಡುವುದಿಲ್ಲ.